ಅಗೊಂಡಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಗೋವಾ ಎಂದರೆ ದುಡ್ಡಿದ್ದವರ ಊರೆಂದು ನೀನು ಬರೆದಿದ್ದೀಯೆ. ಉತ್ತರ ಗೋವಾದ ಬಾಗಾ, ಕಲಂಗೂಟ್‌ಗಳ ಮಟ್ಟಿಗೆ ನಿನ್ನ ಮಾತನ್ನು ಒಪ್ಪುತ್ತೇನೆ. ಆದರೆ ದಕ್ಷಿಣ ಗೋವಾದ ಕಾಣಕೋಣ ತಾಲ್ಲೂಕಿನ ಕಡಲತೀರದ ಊರಾದ ಅಗೊಂಡಕ್ಕೆ ಅದು ಸಲ್ಲುವುದಿಲ್ಲ. ನಮ್ಮ ಕಾರವಾರದ ಗಡಿಗೇ ತಾಗಿಕೊಂಡಿರುವ ಈ ತಾಲ್ಲೂಕಿಗೆ ನಮ್ಮವರು ಪಣಜಿಯನ್ನು ಸುತ್ತಿ ಏಕೆ ಬರುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಕಾರವಾರದಲ್ಲಿ ಇಳಿ. ಪೇಟೆಯ ನಿಲ್ದಾಣದಲ್ಲಿ ಗೋವಾದ ಕಡೆಗೆ ಹೋಗುವ ಬಸ್ಸು ಹಿಡಿದರೆ ಕಾಳಿ ನದಿಯನ್ನು ದಾಟಿ, ಮಾಜಾಳಿ, ಪೋಳೆಗಳ ಮೂಲಕ ಕಾಣಕೋಣದ ಪೇಟೆಯಾದ ಚೌಡಿಯನ್ನು ಸೇರುತ್ತೀಯೆ. (2024ರ ಆಗಸ್ಟ್‌ನಲ್ಲಿ ಕುಸಿದದ್ದು ಕಾಳಿಯ ಹಳೆಯ ಸೇತುವೆ, ಪಕ್ಕದ ಹೊಸ ಸೇತುವೆಯ ಮೇಲೆ ಬಸ್ಸುಗಳು ಓಡುತ್ತಿವೆ.) ಚೌಡಿಯಿಂದ ಅಗೊಂಡಕ್ಕೆ ಬಸ್ಸುಗಳು ವಿರಳ. ಕಾಯುವ ತಾಳ್ಮೆಯಿಲ್ಲದಿದ್ದರೆ ‘ಪೈಲಟ್’ ಎಂದು ಕರೆಯಲ್ಪಡುವ ಬಾಡಿಗೆ ಬೈಕಿನವರು ಕರೆದೊಯ್ಯುತ್ತಾರೆ, ಆದರೆ ದರವನ್ನು ಏರುವ ಮೊದಲೇ ಮಾತಾಡಿಕೊ.

ಊರೆಂದರೆ ಹೆಚ್ಚುಕಡಿಮೆ ಕಡಲಿನುದ್ದಕ್ಕೂ ಸಾಗುವ ಒಂದೇ ರಸ್ತೆ, ನಡುವೆ ಸಂತ ಅನ್ನಾಳ ಚರ್ಚು. ನಿನ್ನ ಖರ್ಚು ನಿರ್ಧಾರವಾಗುವುದು ನೀನು ಈ ರಸ್ತೆಯ ಯಾವ ಬದಿಯಲ್ಲಿ ಮಲಗುತ್ತೀಯೆ ಎಂಬುದರ ಮೇಲೆ. ಮರಳಿನ ಮೇಲಿನ ಮರದ ಗುಡಿಸಲುಗಳನ್ನು ಮಳೆಗಾಲಕ್ಕೆ ಮುನ್ನ ಬಿಚ್ಚಿಟ್ಟು, ಮಳೆ ನಿಂತ ಮೇಲೆ ಮತ್ತೆ ಕಟ್ಟಬೇಕಾಗುವುದರಿಂದ, ವರ್ಷದ ಸಂಪಾದನೆಯನ್ನೆಲ್ಲ ಆ ಕೆಲವು ತಿಂಗಳುಗಳಲ್ಲೇ ದುಡಿಯಬೇಕಾದ ಮಾಲೀಕರು ಬಾಡಿಗೆಯನ್ನು ಏರಿಸುವುದು ಸಹಜ. ರಸ್ತೆಯ ಆಚೆ, ತೆಂಗಿನ ತೋಟಗಳ ನಡುವೆ, ಊರವರೇ ಮನೆಯ ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ; ಅಲೆಯ ಸದ್ದು ಅಲ್ಲಿಗೂ ಕೇಳಿಸುತ್ತದೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಮಾತ್ರ ಯಾವ ಬದಿಯೂ ಅಗ್ಗವಲ್ಲ.

ಬೆಳಿಗ್ಗೆ ಬಿಸಿ ಪೋಯಿ (ಗೋವಾದ ಬ್ರೆಡ್ಡು) ಮತ್ತು ಭಾಜಿ, ಮಧ್ಯಾಹ್ನ ಹುರಿದ ಬಂಗಡೆಯೊಂದಿಗೆ ಅನ್ನ, ಮೀನಿನ ಸಾರು, ಕೋಕಂ ಹಣ್ಣಿನ ಸೋಲ್‌ಕಡಿ: ಬಸ್ಸಿನ ಕಂಡಕ್ಟರೂ ಮೀನುಗಾರರೂ ಉಣ್ಣುವಲ್ಲಿ ನೀನೂ ಉಂಡರೆ ಜೇಬಿಗೆ ಭಾರವಾಗದು. ಪಾಸ್ತಾ ಬಡಿಸುವ ಕಡಲಂಚಿನ ಹೋಟೆಲುಗಳ ಬಗ್ಗೆ ನನಗೆ ಹೇಳುವಂಥದ್ದೇನಿಲ್ಲ.

ಇಲ್ಲಿನ ಮೌನ ತಾನಾಗಿ ಉಳಿದದ್ದಲ್ಲ. ಮೊರ್ಜಿ, ಮಾಂದ್ರೆ, ಗಾಲ್ಜಿಬಾಗ್‌ಗಳಂತೆ ಅಗೊಂಡವೂ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ತೀರವಾಗಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಈ ಆಮೆಗಳಿಗಿದೆ. ಚಳಿಗಾಲದ ರಾತ್ರಿಗಳಲ್ಲಿ ದಡಕ್ಕೆ ಬರುವ ತಾಯಿ ಮರಳು ತೋಡಿ ನೂರರ ಆಸುಪಾಸಿನಷ್ಟು ಮೊಟ್ಟೆಗಳನ್ನಿಟ್ಟು ಮರಳುತ್ತದೆ. ಅರಣ್ಯ ಇಲಾಖೆಯವರು ಆ ಗೂಡುಗಳ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಸುಮಾರು 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಬೆಳಕು ಹೆಚ್ಚಿರುವ ದಿಕ್ಕನ್ನೇ ಕಡಲೆಂದು ನಂಬಿ ತೆವಳುತ್ತವೆಯಾದ್ದರಿಂದ, ದಡದ ವಿದ್ಯುದ್ದೀಪಗಳು ಅವುಗಳ ಪಾಲಿಗೆ ಪ್ರಾಣಾಂತಕ. ರಾತ್ರಿ ಹೊತ್ತು ಅಬ್ಬರದ ಸಂಗೀತವಿಲ್ಲವೆಂದು ಗೊಣಗುವ ಪ್ರವಾಸಿಗರನ್ನು ಕಂಡಿದ್ದೇನೆ. ಅವರಿಗಾಗಿ ಉತ್ತರ ಗೋವಾ ಇದ್ದೇ ಇದೆ. ನೀನು ಕತ್ತಲಾದ ಮೇಲೆ ಮರಳಿನಲ್ಲಿ ನಡೆಯುವುದಾದರೆ ಟಾರ್ಚನ್ನಾಗಲಿ ಮೊಬೈಲಿನ ಬೆಳಕನ್ನಾಗಲಿ ಹಾಕಬೇಡ.

ಈಜುವ ವಿಚಾರದಲ್ಲಿ ಸ್ವಲ್ಪ ಎಚ್ಚರವಿರಲಿ. ನೋಡಲು ಶಾಂತವಾದ ಈ ಕಡಲಿಗೆ ಒಳಸೆಳೆತವಿದೆ. ಜೀವರಕ್ಷಕರು ಕೆಂಪು ಬಾವುಟ ನೆಟ್ಟಿದ್ದರೆ ನೀರಿಗಿಳಿಯಬೇಡ. ಅಂಥ ದಿನ ಉತ್ತರಕ್ಕಿರುವ ಕಾಬೊ ದೆ ರಾಮ ಕೋಟೆಗೆ ಹೋಗಿ ಬಾ, ಕುಡಿಯುವ ನೀರನ್ನು ಜೊತೆಗೇ ಒಯ್ಯು. ಹೊರಡುವ ದಿನ ನಿಶ್ಚಯವಾದೊಡನೆ ತಿಳಿಸಿದರೆ, ನಾನು ಉಳಿದಿದ್ದ ಮನೆಯವರಿಗೆ ಮುಂಚಿತವಾಗಿ ಹೇಳಿಡುತ್ತೇನೆ.

ಇಂತಿ,
ನಿನ್ನ ಗೆಳೆಯ