ಕಬಡ್ಡಿ ಆಡುವ ಅಳಿಯನಿಗೆ ಯೋಗದ ಬಗ್ಗೆ ನಾಲ್ಕು ಮಾತು

ಬದಿಯಡ್ಕ,
ಆಟಿ ತಿಂಗಳು

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡುವುದೇ ಇಲ್ಲ, ಅಡಿಕೆಗೆ ಎರಡನೇ ಮದ್ದು ಬಿಡಲು ಇನ್ನೂ ಆಗಿಲ್ಲ. ನಿನ್ನ ತೊಡೆಯ ಹಿಂದಿನ ನೋವು ಮತ್ತೆ ಶುರುವಾಗಿದೆ ಅಂತ ನಿನ್ನಮ್ಮ ಹೇಳಿದಳು. ಫಿಸಿಯೋದವರು ಯೋಗ ಮಾಡು ಅಂದರೆ ನೀನು "ಅದೆಲ್ಲ ಅಜ್ಜಂದಿರಿಗೆ, ಹುಡುಗಿಯರಿಗೆ" ಅಂದೆಯಂತೆ. ಫೋನಿನಲ್ಲಿ ಹೇಳಿದರೆ "ಹ್ಞೂಂ ಮಾವ" ಅಂತ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಶಾಲೆಯಲ್ಲಿ ಡ್ರಿಲ್ ಮಾಷ್ಟ್ರಾಗಿ ವಿಸಿಲ್ ಊದಿದವನಿಗೆ ಅಷ್ಟು ಹಕ್ಕು ಇದೆ ಅಲ್ವಾ?

ಹುಡುಗಿಯರ ವಿಷಯ ಮೊದಲು ಮುಗಿಸುತ್ತೇನೆ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಲು ಶುರು ಮಾಡಿದಾಗ ಅಲ್ಲಿ ಕಲಿಯಲು ಬರುತ್ತಿದ್ದವರು ಹೆಚ್ಚಾಗಿ ಹುಡುಗರೇ. ಆಗ ಯಾರೂ ನಿನ್ನ ಹಾಗೆ ಮೂಗು ಮುರಿಯಲಿಲ್ಲ. ಫುಟ್‌ಬಾಲಿನ ರಯಾನ್ ಗಿಗ್ಸ್ ಗೊತ್ತಲ್ಲ, ನಿನ್ನ ಅಣ್ಣ ಅವನ ಹೆಸರು ಹೇಳಿದರೆ ಊಟ ಬಿಟ್ಟು ಕೂರುತ್ತಿದ್ದ. ಅವನಿಗೂ ಇದೇ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯುವಿನ ಕಾಟ ಇತ್ತು. ಯೋಗ ಹಿಡಿದ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡುವುದನ್ನು ನಿಲ್ಲಿಸಿದ್ದು 2014ರಲ್ಲಿ, ಆಗ ಅವನಿಗೆ 40 ವರ್ಷ. ಬಾಸ್ಕೆಟ್‌ಬಾಲಿನ ಕರೀಮ್ ಅಬ್ದುಲ್ ಜಬ್ಬಾರ್ ಇನ್ನೂ ಒಂದು ಕೈ ಮೇಲೆ, 42ರ ತನಕ ಆಡಿದ. ಅವನೂ ಯೋಗ ಮಾಡುತ್ತಿದ್ದವನೇ. ಬರೀ ಯೋಗದಿಂದಲೇ ಅಷ್ಟು ವರ್ಷ ಆಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಇದು ಗಂಡಸರ ಕೆಲಸ ಅಲ್ಲ ಅನ್ನುವ ಮಾತು ಇನ್ನು ನಿನ್ನ ಬಾಯಲ್ಲಿ ಬರಬಾರದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಯೋಗ ಮಾಡದಿರುವುದಕ್ಕಿಂತ, ಮಾಡಬಾರದ ಹೊತ್ತಿನಲ್ಲಿ ಮಾಡುವುದೇ ನಿಮ್ಮಂಥ ಹುಡುಗರಿಗೆ ಜಾಸ್ತಿ ಅಪಾಯ. ನಿಮ್ಮ ಕ್ಲಬ್ಬಿನವರನ್ನು ಹೋದ ವರ್ಷದ ಪಂದ್ಯಾಟದಲ್ಲಿ ನೋಡಿದೆ. ಮ್ಯಾಟಿಗೆ ಇಳಿಯುವ ಮುಂಚೆ ಒಬ್ಬ ಕಾಲು ಚಾಚಿ ಕೂತಿದ್ದಾನೆ, ಇನ್ನೊಬ್ಬ ಅವನ ಬೆನ್ನ ಮೇಲೆ ಎದೆ ಊರಿ ಒತ್ತುತ್ತಿದ್ದಾನೆ. ಸುತ್ತ ನಿಂತವರು "ಇನ್ನೂ, ಇನ್ನೂ" ಅಂತ ಕೂಗುತ್ತಿದ್ದಾರೆ. ಇದನ್ನು ಪಶ್ಚಿಮೋತ್ತಾನಾಸನ ಅಂತ ಕರೆದರೆ ಆ ಆಸನಕ್ಕೇ ಅವಮಾನ. ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲವೂ ಚುರುಕೂ ಕಡಿಮೆಯಾಗುತ್ತದೆ. ರೈಡಿಗೆ ಹೋಗುವವನಿಗೆ ಬೇಕಾದದ್ದೇ ಆ ಚುರುಕು. ಒಣ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸದೆ ಬಗ್ಗಿಸಿದರೆ ಏನಾಗುತ್ತದೆ ಅಂತ ತೋಟದಲ್ಲಿ ಬೆಳೆದ ನಿನಗೆ ಹೇಳಬೇಕಾಗಿಲ್ಲ.

ಆಟಕ್ಕೆ ಮುಂಚೆ ಸುಮ್ನೆ ನಿಧಾನಕ್ಕೆ ಓಡು. ಮೈ ಬಿಸಿಯಾದ ಮೇಲೆ ಸೂರ್ಯನಮಸ್ಕಾರ ಮಾಡು, ಎಲ್ಲಿಯೂ ನಿಲ್ಲದೆ, ಉಸಿರಿನ ಜೊತೆ ಮುಂದೆ ಹೋಗುತ್ತಾ. ಬೆವರು ಒಡೆಯುವ ತನಕ ಸಾಕು. ಹಿಡಿದು ನಿಲ್ಲುವ ಆಸನಗಳು ಪ್ರಾಕ್ಟೀಸ್ ಮುಗಿದ ಮೇಲೆ, ಇಲ್ಲವೇ ರಜೆಯ ದಿನ ಸಂಜೆ.

ನಿನ್ನ ತೊಡೆಗೆ ನಾನು ಹೇಳುವುದು ಒಂದೇ ಆಸನ, ಸುಪ್ತ ಪಾದಾಂಗುಷ್ಠಾಸನ. ಹೆಸರು ಉದ್ದ, ಕೆಲಸ ಸುಲಭ. ಹಾಸ್ಟೆಲಿನ ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗು. ಮೈ ಒರೆಸುವ ಬೈರಾಸನ್ನು ಉದ್ದಕ್ಕೆ ಮಡಚಿ ಬಲಗಾಲಿನ ಪಾದದ ನಡುವಿಗೆ ಹಾಕು, ಎರಡೂ ತುದಿ ಎರಡು ಕೈಯಲ್ಲಿ ಹಿಡಿ. ಕಾಲು ಮೆಲ್ಲ ಮೇಲೆತ್ತು. ಮಂಡಿ ಸ್ವಲ್ಪ ಮಡಚಿದರೂ ತೊಂದರೆ ಇಲ್ಲ. ಎಡಗಾಲು ನೆಲಕ್ಕೆ ಒತ್ತಿಕೊಂಡೇ ಇರಬೇಕು, ಸೊಂಟ ಮೇಲೇಳಬಾರದು. ಇದೇ ಕಷ್ಟ. ಹುಡುಗರು ಮೇಲಿನ ಕಾಲನ್ನೇ ನೋಡುತ್ತಾರೆ, ಕೆಳಗಿನ ಕಾಲು ಎಲ್ಲಿಗೆ ಹೋಯಿತು ಅಂತ ಗೊತ್ತೇ ಇರುವುದಿಲ್ಲ. ಎಳೆತ ತೊಡೆಯ ನಡುಭಾಗದಲ್ಲಿ ಗೊತ್ತಾಗಬೇಕು, ಮಂಡಿಯ ಹಿಂದೆ ಅಲ್ಲ. ಅಲ್ಲೇ ನಿಂತು ನಿಧಾನವಾಗಿ ಐದಾರು ಉಸಿರು. ಹೀಗೆ ಪಟ್ಟಿ, ಹಗ್ಗ ಹಿಡಿದು ಮಾಡುವುದನ್ನು ಜಗತ್ತಿಗೆಲ್ಲ ಕಲಿಸಿದವರು ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು. ಬೈರಾಸು ಹಿಡಿದದ್ದನ್ನು ನೋಡಿ ಯಾರಾದರೂ ನಕ್ಕರೆ ಇದನ್ನು ಹೇಳು.

ಸ್ನಾಯು ಹೊಸತಾಗಿ ಹರಿದಿದ್ದರೆ ಮೊದಲ ಕೆಲವು ದಿನ ಇದನ್ನೂ ಮಾಡಬಾರದು. ಫಿಸಿಯೋದವರು ಹೇಳಿದ ಮೇಲೆಯೇ ಶುರು. ಇನ್ನು ಬೆಂಚಿನ ಮೇಲೆ ಕೂರುವಾಗ ಕುಂಡೆಯ ಮೂಳೆಯ ಹತ್ತಿರವೇ ಚುಚ್ಚಿದ ಹಾಗಾದರೆ ಮುಂದೆ ಬಾಗುವ ಆಸನಗಳನ್ನೆಲ್ಲ ನಿಲ್ಲಿಸಿ ಮೊದಲು ತೋರಿಸಿಕೋ. ಸ್ನಾಯು ಮೂಳೆಗೆ ಅಂಟುವ ಜಾಗ ಅದು, ಎಳೆದಷ್ಟೂ ಕೆರಳುತ್ತದೆ.

ಯೋಗ ಒಂದೇ ಸಾಲದು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಿನ್ನ ಕೋಚ್ ಮಂಡಿಯೂರಿ ಕೂರಿಸಿ, ಇನ್ನೊಬ್ಬನಿಂದ ಹಿಮ್ಮಡಿ ಹಿಡಿಸಿ, ಮೆಲ್ಲ ಮುಂದಕ್ಕೆ ಇಳಿಯಲು ಹೇಳುತ್ತಾರಲ್ಲ, ಆ ನಾರ್ಡಿಕ್ ವ್ಯಾಯಾಮ ತಪ್ಪಿಸಬೇಡ. ಹ್ಯಾಮ್‌ಸ್ಟ್ರಿಂಗ್ ಹರಿಯುವುದನ್ನು ಕಡಿಮೆ ಮಾಡುವುದು ಮುಖ್ಯವಾಗಿ ಆ ಬಲವೇ. ಕಾಲು ಉಳುಕಿದವರಿಗೆ ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ ಒಳ್ಳೆಯದು, ಎದುರಾಳಿಗಳು ಪಾದದ ಗಂಟು ಹಿಡಿಯುವ ಆ್ಯಂಕಲ್ ಹೋಲ್ಡಿಗೆ ಸಿಕ್ಕಿ ಸಿಕ್ಕಿ ಸಡಿಲಾದ ಪಾದಕ್ಕೆ ತೂಕ ಹಿಡಿಯುವುದು ಮತ್ತೆ ಅಭ್ಯಾಸವಾಗುತ್ತದೆ.

ಉಸಿರಿನ ವಿಷಯ ನಿಮ್ಮ ಆಟದಲ್ಲೇ ಇದೆ. ಒಂದು ರೈಡಿಗೆ 30 ಸೆಕೆಂಡು, ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ. ಪ್ರಾಣಾಯಾಮ ಮಾಡಿದರೆ ಶ್ವಾಸಕೋಶ ದೊಡ್ಡದಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಬೆಳೆದ ಆಳಿನ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಆದರೆ ಉಸಿರನ್ನು ಅಳೆದು ಬಿಡುವುದನ್ನು ಕಲಿಯಬಹುದು. ನೀನು ರೈಡಿನ ಮೊದಲರ್ಧದಲ್ಲೇ ಕೂಗಿ ಕೂಗಿ ಉಸಿರೆಲ್ಲ ಖಾಲಿ ಮಾಡುತ್ತೀ, ಬೋನಸ್ ಗೆರೆಯ ಹತ್ತಿರ ಬರುವಾಗ ಸ್ವರವೇ ಇರುವುದಿಲ್ಲ. ಎಳೆದುಕೊಂಡದ್ದಕ್ಕಿಂತ ದುಪ್ಪಟ್ಟು ಹೊತ್ತು ಬಿಡುವ ಅಭ್ಯಾಸ ಮಾಡು. ಉಸಿರು ಉದ್ದಕ್ಕೆ ಬಿಟ್ಟಾಗ ಎದೆಬಡಿತವೂ ಇಳಿಯುತ್ತದೆ. ರೈಡ್ ಮುಗಿಸಿ ಬಂದು ಮೂಲೆಯಲ್ಲಿ ನಿಂತಾಗ ಅದು ಬೇಕು. ಅಲ್ಲಿ ಸೊಂಟಕ್ಕೆ ಕೈಕೊಟ್ಟು ಅಂಪೈರನ್ನು ದುರುಗುಟ್ಟಿ ನೋಡುವುದರಿಂದ ಏನೂ ಸಿಗುವುದಿಲ್ಲ.

ಶವಾಸನಕ್ಕೆ ಮಲಗಿದಾಗ ಪಕ್ಕದಲ್ಲಿ ಫೋನು ಇಟ್ಟುಕೊಳ್ಳಬೇಡ. ಇದಕ್ಕೆ ವಿವರಣೆ ಬೇಡ ಅಂದುಕೊಳ್ಳುತ್ತೇನೆ.

ಆಟಿ ಕಳೆದು ಮಳೆ ಸಣ್ಣದಾಗುವ ತನಕ ನಮ್ಮ ಕಡೆ ಪಂದ್ಯಾಟ ಇಲ್ಲ. ಇದೇ ಒಳ್ಳೆಯ ಸಮಯ. ಪಕ್ಕದವನ ತಲೆ ಮಂಡಿಗೆ ಮುಟ್ಟಿತು, ನನ್ನದು ಮುಟ್ಟಲಿಲ್ಲ ಅಂತ ಪಂದ್ಯ ಕಟ್ಟಬೇಡ. ನಿನ್ನ ಸೊಂಟದ ಮೂಳೆಯ ಆಕಾರವೇ ಬೇರೆ ಇರಬಹುದು, ಅದನ್ನು ಹಟದಿಂದ ಬದಲಾಯಿಸಲು ಆಗುವುದಿಲ್ಲ.

ಚೌತಿಗೆ ಬರುವಾಗ ಎರಡು ದಿನ ಹೆಚ್ಚು ರಜೆ ಹಾಕಿ ಬಾ. ಶೀರ್ಷಾಸನ ಕಲಿಯಬೇಕು ಅಂತ ಇದ್ದರೆ ಅಲ್ಲಿಯ ತನಕ ಕಾಯಿ. ಡೈವ್ ಹೊಡೆದು ಹೊಡೆದು ನಿನ್ನ ಕುತ್ತಿಗೆ ಹೇಗಿದೆ ಅಂತ ನೋಡಿದ ಮೇಲೆಯೇ ಬೇಕೋ ಬೇಡವೋ ಹೇಳುತ್ತೇನೆ. ಅತ್ತೆ ಹಪ್ಪಳ ಕಟ್ಟಿಟ್ಟಿದ್ದಾಳೆ, ಮಂಗಳೂರಿಗೆ ಹೋಗುವವರು ಯಾರಾದರೂ ಸಿಕ್ಕಿದರೆ ಕಳಿಸುತ್ತೇನೆ.

ಇಂತಿ,
ನಿನ್ನ ಮಾವ