ಶೈಲಜಳಿಗೆ ದೊಡ್ಡಪ್ಪನ ಪತ್ರ

ಚಿ. ಸೌ. ಶೈಲಜಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಆದಿಯ ಸಕ್ಕರೆ ಕಾಯಿಲೆ ಯಾರ ಕಡೆಯಿಂದ ಬಂತು ಎಂಬ ಮಾತು ನಿಮ್ಮ ಮನೆಯಲ್ಲಿ ಇನ್ನೂ ನಿಂತಿಲ್ಲವೆಂದು ತಿಳಿದು ಬೇಸರವಾಯಿತು. ನಿನ್ನ ಅಜ್ಜನಿಗಿದ್ದದ್ದು ಟೈಪ್ 2 ಸಕ್ಕರೆ ಕಾಯಿಲೆ. ಆದಿಗೆ ಬಂದಿರುವುದು ಟೈಪ್ 1, ಅದು ಬೇರೆಯೇ ಕಾಯಿಲೆ. ಬಸುರಿನಲ್ಲಿ ನೀನು ತಿಂದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ.

ಆರನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಎಂಬ ಜೀನುಗಳ ಗುಂಪಿದೆ. ಅದರಲ್ಲಿ ಡಿಆರ್3, ಡಿಆರ್4 ಬಗೆಗಳಿದ್ದವರಿಗೆ ಟೈಪ್ 1ರ ಅಪಾಯ ಹೆಚ್ಚು. ಆದರೆ ಒಂದು ಪ್ರತಿ ತಾಯಿಯದು, ಇನ್ನೊಂದು ತಂದೆಯದು. ಹಾಗಿರುವಾಗ ಒಬ್ಬರ ಕಡೆಗೆ ಬೆರಳು ತೋರಿಸುವುದು ಹೇಗೆ? ಈ ಬಗೆಗಳಿರುವ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಕಾಯಿಲೆಯಾದ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಹತ್ತಿರದ ನೆಂಟರಲ್ಲಿ ಯಾರಿಗೂ ಇದು ಇರುವುದಿಲ್ಲ. ಇದನ್ನು ನಿನ್ನ ಅತ್ತೆಯವರಿಗೂ ಓದಿ ಹೇಳು.

ಮೈಯನ್ನು ಕಾಯಬೇಕಾದ ಟಿ ಕಣಗಳೆಂಬ ಬಿಳಿ ರಕ್ತಕಣಗಳೇ ಇನ್ಸುಲಿನ್ ತಯಾರಿಸುವ ಬೀಟಾ ಕಣಗಳನ್ನು ಕೊಂದಿವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಈ ದಾಳಿ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಅದನ್ನು ಯಾವುದು ಶುರುಮಾಡುತ್ತದೋ ಇನ್ನೂ ಇತ್ಯರ್ಥವಾಗಿಲ್ಲ. ಕರುಳಲ್ಲಿ ಬೆಳೆಯುವ ಕೆಲವು ಎಂಟೆರೋವೈರಸ್‌ಗಳ ಮೇಲೆ ವಿಜ್ಞಾನಿಗಳಿಗೆ ಗುಮಾನಿಯಿದೆ.

ಒಂದು ಎಚ್ಚರಿಕೆ. ಇನ್ಸುಲಿನ್ ಶುರುವಾದ ಮೇಲೆ ಕೆಲವು ವಾರಗಳಲ್ಲಿ ಡೋಸು ಇಳಿಯಬಹುದು. ಅಳಿದುಳಿದ ಬೀಟಾ ಕಣಗಳು ಬಿಡುವು ಸಿಕ್ಕಿ ಸ್ವಲ್ಪ ಕಾಲ ಚೇತರಿಸಿಕೊಳ್ಳುತ್ತವೆ. ಡಾಕ್ಟರುಗಳು ಇದಕ್ಕೆ ಹನಿಮೂನ್ ಅವಧಿ ಅನ್ನುತ್ತಾರೆ. ಆ ಹೊತ್ತಿಗೆ ಯಾರೋ ಕೊಟ್ಟ ಕಷಾಯ ಕುಡಿಸಿದ್ದರೆ, ಅದರಿಂದಲೇ ವಾಸಿಯಾಯಿತೆಂದು ಮನೆಯವರೆಲ್ಲ ನಂಬಿಬಿಡುತ್ತಾರೆ. ಸೂಜಿ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುತ್ತದೆ, ವಾಂತಿ, ಏದುಸಿರು, ಆಮೇಲೆ ಐಸಿಯು. ಯಾರು ಹೇಳಿದರೂ ನಿಲ್ಲಿಸಬೇಡ, ನಾನು ಹೇಳಿದರೂ ಕೂಡ.

ಇನ್ನು ಪುಟ್ಟಿಯ ವಿಷಯ. ಒಡಹುಟ್ಟಿದವರಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಐದಾರು. ಬೀಟಾ ಕಣಗಳಲ್ಲಿರುವ ಪ್ರೋಟೀನುಗಳಾದ ಜಿಎಡಿ, ಐಎ-2, ಇನ್ಸುಲಿನ್, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಇವುಗಳ ವಿರುದ್ಧ ಮೈಯೇ ತಯಾರಿಸುವ ಆಂಟಿಬಾಡಿಗಳು ಇವೆಯೇ ಎಂದು ರಕ್ತದಲ್ಲಿ ನೋಡುತ್ತಾರೆ. ಎರಡು ಅಥವಾ ಹೆಚ್ಚು ಇದ್ದರೆ ದಾಳಿ ಶುರುವಾಗಿದೆಯೆಂದೇ ಅರ್ಥ, ಸಕ್ಕರೆ ಸರಿಯಾಗಿದ್ದರೂ. ಇದರ ಮುಂದಿನ ಹಂತದಲ್ಲಿ, ಸಕ್ಕರೆ ಏರುಪೇರಾಗತೊಡಗಿದವರಿಗೆ, ಕಾಯಿಲೆಯನ್ನು ಮುಂದೂಡಲು ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಪ್ರಯೋಗದಲ್ಲಿ ಅದು ಸುಮಾರು ಎರಡು ವರ್ಷ ತಡೆದಿತ್ತು. ಔಷಧಿ ನಮ್ಮ ಕೈಗೆಟುಕದಿದ್ದರೂ, ಮೊದಲೇ ಗೊತ್ತಿದ್ದರೆ ಆದಿಯಂತೆ ಅವಳು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುವುದು ತಪ್ಪಬಹುದು. ವಿಪರೀತ ಬಾಯಾರಿಕೆ, ರಾತ್ರಿ ಹಾಸಿಗೆಯಲ್ಲಿ ಉಚ್ಚೆ, ತೂಕ ಇಳಿಯುವುದು ಕಂಡರೆ ಈ ಪರೀಕ್ಷೆಗೆಂದು ಕಾಯದೆ ಅಂದೇ ಗ್ಲೂಕೋಮೀಟರಿನಲ್ಲಿ ನೋಡು.

ಮುಂದಿನ ಸಲ ಆದಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವಾಗ ಪುಟ್ಟಿಯನ್ನೂ ಕರೆದುಕೊಂಡು ಹೋಗಿ ಕೇಳು. ಪರೀಕ್ಷೆಯ ಖರ್ಚು ನನಗಿರಲಿ.

ಇಂತಿ,
ನಿನ್ನ ದೊಡ್ಡಪ್ಪ