ಅಪ್ಪನ ಗಾಯ, ಮುಲ್ಲರ್ ಬಾಯ್ಲರ್

ಬ್ರಿಸ್ಟಲ್,
ಭಾನುವಾರ ಸಂಜೆ

ಪ್ರೀತಿಯ ಅಪ್ಪ, ಅಮ್ಮ,

ಸ್ತೋತ್ರ. ನಾನು ಚೆನ್ನಾಗಿದ್ದೇನೆ. ಚಳಿ ಇದೆ, ಸ್ವೆಟರ್ ಇದೆ, ಡ್ಯೂಟಿ ಇದೆ. ನನ್ನ ಸುದ್ದಿ ಇಷ್ಟೇ.

ಅಮ್ಮ, ನಿನ್ನ ಪತ್ರ ಶುಕ್ರವಾರ ಸಿಕ್ಕಿತು. ಎರಡು ಹಾಳೆ ತುಂಬ ಪ್ರೇಮಾ ಅತ್ತೆ ಮನೆ ಸುದ್ದಿ. ಕೊನೆಗೆ ಜಾಗವಿಲ್ಲದೆ ಅಂಚಿನಲ್ಲಿ ಸಣ್ಣದಾಗಿ, ಅಪ್ಪ ಶುಗರ್ ಮಾತ್ರೆ ಬಿಟ್ಟು ಮೂರು ವಾರ ಆಯಿತು, ಪಾದದಲ್ಲಿ ಗಾಯ ಆಗಿದೆ, ನೋವೇನೂ ಇಲ್ಲವಂತೆ ಎಂದು ಗೀಚಿದ್ದೀಯ. ಅದನ್ನು ಮೊದಲ ಸಾಲಲ್ಲೇ ಬರೆಯಬಾರದಿತ್ತಾ?

ಮುಂದಿನದೆಲ್ಲ ಅಪ್ಪನಿಗೆ. ಫೋನಿನಲ್ಲಿ ಹೇಳಿದರೆ ನೀವು 'ಹೂಂ, ಹೂಂ' ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಕನ್ನಡಕ ಹಾಕಿಕೊಂಡು ಓದಿ.

ಅಪ್ಪ, ಶುಗರ್ ಇರುವವರ ಕಾಲಿನ ಗಾಯ ನೋಯದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರಗಳು ಮಂದವಾಗುತ್ತವೆ. ಏನು ಚುಚ್ಚಿದರೂ ಗೊತ್ತಾಗುವುದಿಲ್ಲ. ರಕ್ತದ ಓಡಾಟವೂ ಕಡಿಮೆ, ಗಾಯ ಬೇಗ ಮಾಯುವುದಿಲ್ಲ. ನೀವು ಅದನ್ನು ದೇವರು ವಾಸಿಮಾಡುತ್ತಿದ್ದಾನೆ ಎಂದುಕೊಂಡಿದ್ದೀರಿ. ನೋವಿಲ್ಲ ಎಂದು ತಡಮಾಡಿ ಬಂದು ಬೆರಳು ಕಳೆದುಕೊಂಡವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಹೆದರಿಸಲು ಬರೆಯುತ್ತಿಲ್ಲ. ಸರಿ, ಸ್ವಲ್ಪ ಹೆದರಿಸಲೇ ಬರೆಯುತ್ತಿದ್ದೇನೆ.

ಕೂಟಕ್ಕೆ ಬಂದ ಆ ಪ್ರಸಂಗಿಗಳು (ಹೆಸರು ಬೇಡ) ಮಾತ್ರೆ ನುಂಗುವುದು ಅಪನಂಬಿಕೆ ಎಂದರಂತೆ. ಜಾರ್ಜ್ ಮುಲ್ಲರ್ ಯಾರ ಮುಂದೆಯೂ ಕೈಚಾಚದೆ ಬರೀ ಪ್ರಾರ್ಥನೆಯಿಂದ ಅನಾಥ ಮಕ್ಕಳನ್ನು ಸಾಕಲಿಲ್ಲವೇ ಎಂದೂ ಕೇಳಿದರಂತೆ. ಅವರ ದುರಾದೃಷ್ಟ, ನಿಮ್ಮ ಮಗಳು ಇರುವುದು ಮುಲ್ಲರ್ ಊರಲ್ಲಿ! ಆ್ಯಶ್ಲಿ ಡೌನ್‌ನಲ್ಲಿ ಅವರು ಕಟ್ಟಿಸಿದ ಐದು ಮನೆಗಳ ಮುಂದೆಯೇ ನಾನು ನಡೆದು ಹೋಗಿದ್ದೇನೆ. ಕೋಟೆಯಂಥ ದೊಡ್ಡ ಕಲ್ಲಿನ ಕಟ್ಟಡಗಳು. ಮೊದಲನೆಯದು ಶುರುವಾದದ್ದು 1849ರಲ್ಲಿ. ಮುಲ್ಲರ್ 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹತ್ತು ಸಾವಿರಕ್ಕೂ ಜಾಸ್ತಿ ಮಕ್ಕಳು ಅವರ ಆಶ್ರಯದಲ್ಲಿ ಬೆಳೆದಿದ್ದರು.

ಹೋದ ತಿಂಗಳು ನಮ್ಮ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು. (ಅಮ್ಮ, ಗಾಬರಿ ಬೇಡ, ಈಗ ಸರಿಯಾಗಿದೆ.) ಸಭೆಯಲ್ಲಿ ಒಬ್ಬ ಅಜ್ಜಿಗೆ ಹೇಳಿದೆ. 'ಪ್ರಾರ್ಥಿಸುತ್ತೇನೆ' ಎಂದರು. ನಾನು 'ಆಮೆನ್' ಎಂದು ಮನೆಗೆ ಬಂದೆ. ಒಂದು ಗಂಟೆಯಲ್ಲಿ ಅಜ್ಜಿ ಎರಡು ಕಂಬಳಿ, ಒಂದು ಕರೆಂಟ್ ಹೀಟರ್ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು! ಅವರನ್ನು ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ, ಹತ್ತು ವರ್ಷದ ಹುಡುಗರೂ. ಪಾಸ್ಟರನ್ನೂ ಹಾಗೇ, ಅವರು ಜೀನ್ಸ್ ಹಾಕಿಕೊಂಡೇ ಪ್ರಸಂಗ ಮಾಡುತ್ತಾರೆ. ಮೂಗು ಮುರಿಯಬೇಡಿ ಅಪ್ಪ, ಒಳ್ಳೆಯ ಜನ. ನನಗೆ ಮಾತ್ರ ಬಾಯಿ ಬರದೆ ಆಂಟಿ ಎನ್ನುತ್ತೇನೆ, ಅವರು ನಗುತ್ತಾರೆ.

ಮುಲ್ಲರ್ ಬಾಯ್ಲರ್ ಕಥೆ ಹೇಳಿದ್ದು ಆ ಅಜ್ಜಿಯೇ. 1857ರ ನವೆಂಬರ್ ಕೊನೆ. ಮುನ್ನೂರು ಮಕ್ಕಳಿದ್ದ ಮನೆಯ ಬಾಯ್ಲರ್ ಸೋರಲು ಶುರುವಾಯಿತು. ಅದರ ಸುತ್ತ ಇಟ್ಟಿಗೆ ಕಟ್ಟಿತ್ತು. ಒಡೆದು ನೋಡಬೇಕಾದರೆ ಬೆಂಕಿ ಆರಿಸಬೇಕು, ಹೊರಗೆ ಕೊರೆಯುವ ಉತ್ತರದ ಗಾಳಿ. ಮುಲ್ಲರ್ ಮೊದಲು ರಿಪೇರಿಗೆ ದಿನ ಗೊತ್ತುಮಾಡಿದರು. ಆಮೇಲೆ, ಆ ದಿನ ದಕ್ಷಿಣದ ಗಾಳಿ ಬೀಸಲಿ, ಕೆಲಸದವರಿಗೆ ದುಡಿಯುವ ಮನಸ್ಸು ಕೊಡು ಎಂದು ಪ್ರಾರ್ಥಿಸಿದರು. ಗಾಳಿ ತಿರುಗಿತು. ಕೆಲಸದವರು ರಾತ್ರಿಯೆಲ್ಲ ಕೂತು ಮಾಡುತ್ತೇವೆ ಎಂದರು. ನಿಮ್ಮ ಪ್ರಸಂಗಿಗಳು ಗಾಳಿಯ ಭಾಗ ಮಾತ್ರ ಹೇಳುತ್ತಾರೆ, ಕೆಲಸದವರನ್ನು ಕರೆಸಿದ ಭಾಗ ಯಾಕೆ ನುಂಗುತ್ತಾರೋ?

ಬೈಬಲಿನಲ್ಲಿ ಇದೆಯಾ ಎಂದು ಕೇಳುತ್ತೀರಿ, ಗೊತ್ತು. ಎರಡನೇ ಅರಸುಗಳು, 20ನೇ ಅಧ್ಯಾಯ. ಅರಸ ಹಿಜ್ಕೀಯನಿಗೂ ಹುಣ್ಣೇ ಆಗಿತ್ತು. ವಾಸಿಮಾಡುತ್ತೇನೆ, ಇನ್ನೂ 15 ವರ್ಷ ಕೊಡುತ್ತೇನೆ ಎಂದು ದೇವರೇ ಮಾತು ಕೊಟ್ಟಿದ್ದಾಯಿತು. ಆಮೇಲೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಹಚ್ಚಿಸಿದ. ಮಾತು ಕೊಟ್ಟ ಮೇಲೆ ಅಂಜೂರ ಯಾಕೆ ಎಂದು ಹಿಜ್ಕೀಯ ಜಗಳಕ್ಕೆ ನಿಲ್ಲಲಿಲ್ಲ.

ಅದೂ ಬೇಡ. ನನ್ನ ನರ್ಸಿಂಗ್ ಸೀಟಿನ ಅರ್ಜಿ ನೆನಪಿದೆಯಾ? ಕೈಯಲ್ಲಿ ಫೀಸಿಗೆ ದುಡ್ಡಿರಲಿಲ್ಲ. 'ಯಾಜಕರು ಕಾಲಿಟ್ಟ ಮೇಲೇ ಯೊರ್ದನ್ ಹೊಳೆಯ ನೀರು ನಿಂತದ್ದು' ಎಂದು ನನ್ನನ್ನು ಎಳೆದುಕೊಂಡು ಹೋಗಿ ಅರ್ಜಿ ತುಂಬಿಸಿದಿರಿ. ಮಾರನೇ ದಿನದಿಂದ ಎರಡು ಶಿಫ್ಟ್ ದುಡಿದಿರಿ. ಪ್ರಾರ್ಥನೆ ಮಾಡಿ ಮನೆಯಲ್ಲೇ ಕೂತಿದ್ದರೆ ನಾನು ಇಲ್ಲಿರುತ್ತಿದ್ದೆನಾ? ಆ ಅಪ್ಪನೇ ಈಗ ದಡದಲ್ಲಿ ಕೂತಿದ್ದಾರೆ ಎಂದರೆ ನಂಬಲಾಗುತ್ತಿಲ್ಲ.

ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಬಿಟ್ಟ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ಎಷ್ಟು ಎಂದು ಅವರೇ ಹೇಳಲಿ. ಬರಿಗಾಲಲ್ಲಿ ಓಡಾಡಬೇಡಿ. ಬಿಸಿನೀರಲ್ಲಿ ಪಾದ ಇಡಲೇಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಅಮ್ಮ, ದಿನಾ ಅಂಗಾಲು ನೀನೇ ನೋಡು. ಹೋಗುವ ಮೊದಲು ಇಬ್ಬರೂ ಪ್ರಾರ್ಥನೆ ಮಾಡಿ, ನಾನೂ ಮಾಡುತ್ತೇನೆ.

ದುಡ್ಡಿನ ಚಿಂತೆ ಬೇಡ, ಕಳಿಸಿದ್ದೇನೆ. ನನಗೆ ಕಷ್ಟವಿಲ್ಲ. ನಿಜವಾಗಿ ಇಲ್ಲ. ಚೆನ್ನಾಗಿ ಊಟ ಮಾಡುತ್ತೇನೆ, ನೈಟ್ ಡ್ಯೂಟಿ ಅಭ್ಯಾಸವಾಗಿದೆ, ಕೆಮ್ಮು ಹೋಗಿದೆ. ಕೆಮ್ಮಿನ ವಿಷಯ ನಿಮಗೆ ಹೇಳಿರಲಿಲ್ಲ ಅಲ್ವಾ, ಇರಲಿ, ಹೋಗಿದೆ.

ಬಸ್ಸಿಗೆ ಹೊತ್ತಾಯಿತು. ತಮ್ಮನಿಗೆ ಬೇರೆ ಬರೆಯುತ್ತೇನೆ.

ನಿಮ್ಮ ಮಗಳು,
ಸುನೀತಾ

ತಾ.ಕ.: ಗಾಯದ ಫೋಟೋ ಕಳಿಸು ಅಮ್ಮ. ಹಗಲು ಬೆಳಕಿನಲ್ಲಿ ತೆಗಿ. ಹೋದ ಸಲದ ಹಾಗೆ ನಿನ್ನ ಹೆಬ್ಬೆರಳ ಫೋಟೋ ಬೇಡ.